ಇಬ್ಬರು ಗೆಳೆಯರು, ಒಂದು ಬಾಡಿಗೆ ಕಾರು, ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು ಕಾರು ಹಿಡಿಯುವುದು. ಟೆಕಾಪೊ ಸರೋವರ, ಕ್ವೀನ್ಸ್‌ಟೌನ್, ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳು ಮಿಲ್‌ಫರ್ಡ್ ನೋಡಿ ಪಶ್ಚಿಮ ಕರಾವಳಿಗೆ ಇಳಿಯುವುದು. ಆರ್ಥರ್ಸ್ ಪಾಸ್ ಎಂಬ ಘಾಟಿ ಹತ್ತಿ ಮತ್ತೆ ಕ್ರೈಸ್ಟ್‌ಚರ್ಚ್. ಈ ಸುತ್ತಿಗೆ ಆಪ್ತ ಗೆಳೆಯರಿಬ್ಬರೇ ಹೊರಟಾಗ ಕೇಳುವ ಪ್ರಶ್ನೆಗಳು ಮನೆಮಂದಿಯೆಲ್ಲ ಹೊರಟಾಗಿನ ಹಾಗಿರುವುದಿಲ್ಲ. ಅರ್ಧ ರಸ್ತೆಯ ಬಗ್ಗೆ, ಇನ್ನರ್ಧ ಪಕ್ಕದ ಸೀಟಿನಲ್ಲಿ ಕೂತವನ ಬಗ್ಗೆ. ಇಲ್ಲಿ ಎರಡಕ್ಕೂ ಉತ್ತರವಿದೆ.

## ಹೊರಡುವ ಮೊದಲು

ನಮ್ಮ ಕರ್ನಾಟಕದ ಲೈಸೆನ್ಸ್ ನಡೆಯುತ್ತಾ, ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಲೇಬೇಕಾ?

ಪ್ರವಾಸಕ್ಕೆ ಬಂದವರು ತಮ್ಮ ದೇಶದ ಪೂರ್ಣ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ ಓಡಿಸಬಹುದು. ಕಾರ್ಡಿನ ವಿವರ ಇಂಗ್ಲಿಷ್‌ನಲ್ಲಿದ್ದರೆ ಅನುವಾದದ ಅಗತ್ಯವಿಲ್ಲ. ಆದರೆ ಕಾರ್ಡು ಕೈಯಲ್ಲೇ ಇರಬೇಕು. ಡಿಜಿಲಾಕರ್ ತೋರಿಸಿದರೆ ಬಾಡಿಗೆ ಕೌಂಟರ್‌ನಲ್ಲಿ ಕೀ ಕೊಡುವುದಿಲ್ಲ. ಅಕ್ಷರ ಮಾಸಿದ ಹಳೆಯ ಕಾರ್ಡಾದರೆ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ. ಆರ್‌ಟಿಒದಲ್ಲಿ ನಮೂನೆ 4ಎ ತುಂಬಿ, 1,000 ರೂಪಾಯಿ ಶುಲ್ಕ ಕಟ್ಟಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಕೊಟ್ಟರೆ ಒಂದು ವರ್ಷದ ಪರ್ಮಿಟ್ ಸಿಗುತ್ತದೆ. ಅದು ಒಂದೇ ಇದ್ದರೆ ಸಾಲದು, ಮೂಲ ಲೈಸೆನ್ಸ್ ಜೊತೆಗಿರಬೇಕು. ಇಬ್ಬರೂ ತಂದಿರಬೇಕು ಎನ್ನುವುದು ಮುಖ್ಯ. ಒಬ್ಬನ ಕಾರ್ಡು ಮನೆಯ ಡ್ರಾಯರ್‌ನಲ್ಲಿ ಉಳಿದರೆ ಇನ್ನೊಬ್ಬ ಎರಡು ಸಾವಿರ ಕಿಲೋಮೀಟರ್ ಒಬ್ಬನೇ ಎಳೆಯಬೇಕಾಗುತ್ತದೆ.

ವೀಸಾ ಕತೆ ಏನು? ಆಸ್ಟ್ರೇಲಿಯಾ ಮೇಲಿಂದ ಹೋದರೆ ಟಿಕೆಟ್ ಅಗ್ಗ ಸಿಗ್ತಿದೆ.

ಭಾರತದ ಪಾಸ್‌ಪೋರ್ಟ್‌ಗೆ ನ್ಯೂಜಿಲೆಂಡ್ ವಿಸಿಟರ್ ವೀಸಾ ಬೇಕು, ಅರ್ಜಿ ಆನ್‌ಲೈನ್. ಸಿಡ್ನಿ ಅಥವಾ ಮೆಲ್ಬರ್ನ್‌ನಲ್ಲಿ ವಿಮಾನ ಬದಲಿಸುವುದಾದರೆ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇರೆಯಾಗಿ ಪಡೆಯಬೇಕು. ಅದಕ್ಕೆ ದುಡ್ಡಿಲ್ಲ, ಆದರೆ ಇಲ್ಲದಿದ್ದರೆ ಬೆಂಗಳೂರಿನಲ್ಲೇ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಸಿಂಗಾಪುರದ ಮೇಲಿಂದ ನೇರ ಕ್ರೈಸ್ಟ್‌ಚರ್ಚ್‌ಗೆ ಹೋದರೆ, ವಿಮಾನ ನಿಲ್ದಾಣದಿಂದ ಹೊರಗೆ ಬರದಿದ್ದರೆ ಈ ತಲೆನೋವಿಲ್ಲ.

ಯಾವ ತಿಂಗಳು ಹೋದರೆ ಚೆಂದ?

ಅಲ್ಲಿ ಋತುಗಳು ಉಲ್ಟಾ. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಜೂನ್‌ನಿಂದ ಆಗಸ್ಟ್ ಚಳಿಗಾಲ. ಟೆಕಾಪೊ ಸರೋವರದ ದಡದ ನೇರಳೆ, ಗುಲಾಬಿ ಲೂಪಿನ್ ಹೂ ನೋಡಬೇಕೆಂದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲು. ಕ್ರಿಸ್‌ಮಸ್‌ನಿಂದ ಜನವರಿ ಮಧ್ಯದವರೆಗೆ ಅಲ್ಲಿನವರಿಗೇ ರಜೆ, ರೂಮು ಕಾರು ಎರಡೂ ದುಬಾರಿ. ಎರಡೇ ಜನ, ರಜೆ ಹೊಂದಿಸಿಕೊಳ್ಳಬಲ್ಲಿರಿ ಎಂದಾದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಆರಿಸಿ. ಹವೆ ಸ್ಥಿರ, ಜನ ಕಡಿಮೆ. ಏಪ್ರಿಲ್‌ನಲ್ಲಿ ಆರೋಟೌನ್ ಸುತ್ತಲಿನ ಮರಗಳು ಹಳದಿಗೆ ತಿರುಗುತ್ತವೆ, ಅದೂ ಕಣ್ಣಿಗೆ ಹಬ್ಬವೇ. ಚಳಿಗಾಲದಲ್ಲಿ ಮೊದಲ ಸಲ ಹೋಗಿ ಓಡಿಸುವುದು ಬೇಡ. ಹೋಗಲೇಬೇಕೆಂದರೆ ಕೊನೆಯ ಪ್ರಶ್ನೆ ಓದಿ.

ಏಳು ದಿನದ ರಜೆ ಇದೆ. ಪೂರ್ತಿ ಸುತ್ತು ಆಗುತ್ತಾ?

ಆಗುತ್ತದೆ, ಆದರೆ ಕಿಟಕಿಯಿಂದಲೇ ನೋಡಿ ಬಂದ ಹಾಗಾಗುತ್ತದೆ. ಲೆಕ್ಕ ಹೀಗಿದೆ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ 225 ಕಿ.ಮೀ., ಅಲ್ಲಿಂದ ಆವೊರಾಕಿ ಮೌಂಟ್ ಕುಕ್ ಹಳ್ಳಿ ಸುಮಾರು 105, ಅಲ್ಲಿಂದ ಲಿಂಡಿಸ್ ಪಾಸ್ ದಾಟಿ ಕ್ವೀನ್ಸ್‌ಟೌನ್ ಸುಮಾರು 265, ಮುಂದೆ ತೆ ಆನಾವ್ 170. ತೆ ಆನಾವ್‌ನಿಂದ ಮಿಲ್‌ಫರ್ಡ್ ಹೋಗಲು ಸುಮಾರು 120, ಬರಲೂ ಅಷ್ಟೇ. ಕ್ವೀನ್ಸ್‌ಟೌನ್‌ಗೆ ವಾಪಸಾಗಿ ವಾನಕ, ಹಾಸ್ಟ್, ಫಾಕ್ಸ್ ಗ್ಲೇಸಿಯರ್, ಹೊಕಿಟಿಕ, ಆರ್ಥರ್ಸ್ ಪಾಸ್ ಮೂಲಕ ಕ್ರೈಸ್ಟ್‌ಚರ್ಚ್. ಒಟ್ಟು ಹೆಚ್ಚುಕಡಿಮೆ 1,900 ಕಿ.ಮೀ., ಅಡ್ಡದಾರಿ ಸೇರಿದರೆ 2,200. ಇದಕ್ಕೆ 12 ದಿನ ಸರಿಯಾದ ಅಳತೆ. ಏಳೇ ದಿನ ಎಂದರೆ ಪಶ್ಚಿಮ ಕರಾವಳಿಯನ್ನು ಕೈಬಿಟ್ಟು, ಕಾರನ್ನು ಕ್ವೀನ್ಸ್‌ಟೌನ್‌ನಲ್ಲೇ ಒಪ್ಪಿಸಿ ವಿಮಾನ ಹತ್ತಿ. ಬೇರೆ ಊರಲ್ಲಿ ಕಾರು ಬಿಡಲು ಶುಲ್ಕ ಇರಬಹುದು, ಬುಕ್ ಮಾಡುವಾಗಲೇ ಕೇಳಿ.

ಏರ್‌ಪೋರ್ಟಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲಾ ಕಿತ್ಕೋತಾರಂತೆ, ನಿಜಾನಾ?

ತಂದದ್ದಕ್ಕಲ್ಲ, ಹೇಳದೆ ತಂದದ್ದಕ್ಕೆ ಶಿಕ್ಷೆ. ನ್ಯೂಜಿಲೆಂಡ್‌ನ ಹೊಲ, ತೋಟ, ಕಾಡಿಗೆ ಹೊರಗಿನ ಕೀಟ, ಬೀಜ, ರೋಗ ಬರಬಾರದೆಂದು ತಪಾಸಣೆ ಬಹಳ ಬಿಗಿ. ಪ್ರವೇಶದ ಘೋಷಣೆಯಲ್ಲಿ ಆಹಾರ ಇದೆಯೇ ಎಂಬ ಪ್ರಶ್ನೆಗೆ “ಹೌದು” ಎಂದು ಗುರುತು ಹಾಕಿ, ಅಧಿಕಾರಿ ಕೇಳಿದಾಗ ಒಂದೊಂದಾಗಿ ತೋರಿಸಿ. ಆಗ ಅತಿ ಹೆಚ್ಚೆಂದರೆ ಪೊಟ್ಟಣ ಕಸದ ಡಬ್ಬಿಗೆ ಹೋಗುತ್ತದೆ. “ಇಲ್ಲ” ಎಂದು ಬರೆದು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ, ಅಂದರೆ ಸುಮಾರು 20,000 ರೂಪಾಯಿ.

ಕಂಪನಿ ಪ್ಯಾಕ್ ಮಾಡಿದ, ಇಂಗ್ಲಿಷ್‌ನಲ್ಲಿ ಚೀಟಿ ಇರುವ ಪುಳಿಯೋಗರೆ ಪುಡಿ, ಸಾರಿನ ಪುಡಿ ತೋರಿಸಿ ದಾಟಿಸುವುದು ಸುಲಭ. ಅಮ್ಮ ಕಟ್ಟಿಕೊಟ್ಟ, ಹೆಸರಿಲ್ಲದ ಪೊಟ್ಟಣ ಕಷ್ಟ. ಜೇನುತುಪ್ಪ, ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಒಯ್ಯಲೇಬೇಡಿ. ತುಪ್ಪ, ಪೇಡ, ಮೈಸೂರು ಪಾಕ್ ಹಾಲಿನ ಪದಾರ್ಥಗಳಾದ್ದರಿಂದ ಮನೆಯಲ್ಲೇ ಬಿಡುವುದು ವಾಸಿ. ಹೆಚ್ಚಿನವರು ಸಿಕ್ಕಿಬೀಳುವುದು ಒಂದು ಸಣ್ಣ ಮರೆವಿಗೆ: ವಿಮಾನದಲ್ಲಿ ಕೊಟ್ಟ ಸೇಬನ್ನು ಆಮೇಲೆ ತಿಂದರಾಯಿತೆಂದು ಕೈಚೀಲಕ್ಕೆ ಹಾಕಿರುತ್ತಾರೆ. ಇಳಿಯುವ ಮೊದಲು ಇಬ್ಬರೂ ಒಬ್ಬರ ಚೀಲ ಇನ್ನೊಬ್ಬರು ನೋಡಿ. ಚಾರಣದ ಬೂಟಿನ ಅಡಿಯ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸಿ ತನ್ನಿ. ಕೊಡಚಾದ್ರಿಯ ಕೆಸರು ಅಂಟಿಕೊಂಡಿದ್ದರೆ ಅದಕ್ಕೂ ತಡೆಯುತ್ತಾರೆ.

## ಕಾರು ಮತ್ತು ರಸ್ತೆ

ನಮ್ಮ ಹಾಗೇ ಎಡಗಡೆ ಓಡಿಸೋದು ತಾನೇ? ಹೊಸದಾಗಿ ಕಲಿಯೋಕೆ ಏನಿದೆ?

ಸ್ಟೀರಿಂಗ್ ಬಲಕ್ಕೆ, ಗಾಡಿ ಎಡಕ್ಕೆ, ಅಷ್ಟು ಮಾತ್ರ ಒಂದೇ. ಉಳಿದದ್ದು ಕಲಿಯಬೇಕು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಮೂಗು ತೂರಿಸುವ ಹಾಗಿಲ್ಲ. ಸ್ಟಾಪ್ ಫಲಕವಿದ್ದರೆ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ನಿಮ್ಮ ಬದಿಗೆ ಅಖಂಡ ಹಳದಿ ಗೆರೆ ಇದ್ದರೆ ಓವರ್‌ಟೇಕ್ ಇಲ್ಲ. ಊರೊಳಗೆ ಸಾಮಾನ್ಯವಾಗಿ 50, ಹೆದ್ದಾರಿಯಲ್ಲಿ 100 ಮಿತಿ. ತಿರುವಿಗೆ ಮೊದಲು ಹಳದಿ ಫಲಕದಲ್ಲಿ 35 ಎಂದು ಬರೆದಿದ್ದರೆ ಅದು ಸುಮ್ಮನೆ ಬರೆದದ್ದಲ್ಲ, ಆ ತಿರುವು ನಿಜಕ್ಕೂ ಅಷ್ಟೇ ವೇಗ ತಾಳುತ್ತದೆ. ಶಾಲಾ ಬಸ್ಸು ಮಕ್ಕಳನ್ನು ಇಳಿಸಲು ನಿಂತಿದ್ದರೆ ಯಾವ ದಿಕ್ಕಿನಿಂದ ದಾಟುತ್ತಿದ್ದರೂ 20 ಕಿ.ಮೀ. ವೇಗಕ್ಕೆ ಇಳಿಯಬೇಕು. ಇದು ನಮ್ಮವರಿಗೆ ಗೊತ್ತೇ ಇರುವುದಿಲ್ಲ.

ಹಾರ್ನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಹಾರ್ನ್ ಹೊಡೆದರೆ ಬೈದ ಹಾಗೆ. ತಿರುವಿನಲ್ಲಿ ಅಭ್ಯಾಸಬಲದಿಂದ ಬಲಗೈ ಹಾರ್ನ್‌ಗೆ ಹೋದಾಗಲೆಲ್ಲ ಐದು ಡಾಲರ್ ಹುಂಡಿಗೆ ಹಾಕುವ ನಿಯಮ ಮಾಡಿಕೊಳ್ಳಿ. ಮೂರನೆಯ ದಿನಕ್ಕೆ ಇಬ್ಬರ ಕಾಫಿಯ ಖರ್ಚು ಹುಟ್ಟುತ್ತದೆ, ಐದನೆಯ ದಿನಕ್ಕೆ ಹುಂಡಿ ತುಂಬುವುದು ನಿಲ್ಲುತ್ತದೆ.

ಆಟೋಮ್ಯಾಟಿಕ್ ಯಾವತ್ತೂ ಓಡಿಸಿಲ್ಲ. ಕಷ್ಟ ಆಗುತ್ತಾ?

ಬಾಡಿಗೆ ಕಾರುಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್. ತೊಂದರೆ ಎಡಗಾಲಿನದು. ನಿಲ್ಲಿಸಬೇಕಾದಾಗ ಅದು ಕ್ಲಚ್ ಹುಡುಕಿ ಅಗಲವಾದ ಬ್ರೇಕ್ ಪೆಡಲ್ ಒತ್ತಿಬಿಡುತ್ತದೆ, ಕಾರು ಗಕ್ಕನೆ ನಿಂತು ಪಕ್ಕದವನ ಕಾಫಿ ಅವನ ತೊಡೆಯ ಮೇಲಿರುತ್ತದೆ. ಎಡಗಾಲನ್ನು ಎಡತುದಿಯ ಪಾದಪಟ್ಟಿಯ ಮೇಲಿಟ್ಟು ಅಲ್ಲಿಂದ ಎತ್ತಬೇಡಿ. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲೇ ಹತ್ತು ನಿಮಿಷ ಸುತ್ತಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿಯಾಗಿ ವಾಸನೆ ಬರುತ್ತದೆ. ಗೇರ್ ಲಿವರ್ ಪಕ್ಕದ ಕೆಳಗೇರಿನ ಗುರುತಿಗೆ ಹಾಕಿ ಎಂಜಿನ್‌ನಿಂದಲೇ ವೇಗ ತಗ್ಗಿಸಿ. ವಾನಕ ಮತ್ತು ಕ್ವೀನ್ಸ್‌ಟೌನ್ ನಡುವಿನ ಕ್ರೌನ್ ರೇಂಜ್ ರಸ್ತೆ 1,076 ಮೀಟರ್ ಎತ್ತರಕ್ಕೆ ಹತ್ತಿ ಹೇರ್‌ಪಿನ್‌ಗಳಲ್ಲಿ ಇಳಿಯುತ್ತದೆ. ಚಾರ್ಮಾಡಿ ಇಳಿದವರಿಗೆ ಅದು ಹೊಸದಲ್ಲ.

ಒನ್ ಲೇನ್ ಬ್ರಿಡ್ಜ್ ಅಂತ ಬರುತ್ತಂತಲ್ಲ, ಅಲ್ಲಿ ಮೊದಲು ಯಾರು ಹೋಗಬೇಕು?

ಪಶ್ಚಿಮ ಕರಾವಳಿಯಲ್ಲಿ ಇಂಥ ಸೇತುವೆ ಒಂದರ ಹಿಂದೊಂದು ಬರುತ್ತವೆ. ಫಲಕದಲ್ಲಿ ಎರಡು ಬಾಣ. ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಿಂತು ಎದುರಿನವರಿಗೆ ಬಿಡಿ. ನೀಲಿ ಫಲಕದಲ್ಲಿ ನಿಮ್ಮ ಬಾಣ ದೊಡ್ಡದಾಗಿ ಬಿಳಿಯಾಗಿದ್ದರೆ ಹಕ್ಕು ನಿಮ್ಮದು. ಹಾಗಿದ್ದರೂ ಆ ಬದಿಯ ಗಾಡಿ ಆಗಲೇ ಸೇತುವೆ ಏರಿದ್ದರೆ ಕಾಯಲೇಬೇಕು. ಪಕ್ಕದವನಿಗೆ ಈ ಕೆಲಸ ಒಪ್ಪಿಸಿ: ಫಲಕ ಕಂಡಕೂಡಲೇ “ಕೆಂಪು” ಅಥವಾ “ಬಿಳಿ” ಎಂದು ಗಟ್ಟಿಯಾಗಿ ಹೇಳಬೇಕು. ದಾರಿ ಬಿಟ್ಟವರಿಗೆ ಎದುರಿನವರು ಸ್ಟೀರಿಂಗ್ ಮೇಲಿಂದ ಒಂದೇ ಬೆರಳೆತ್ತಿ ವಂದಿಸುತ್ತಾರೆ. ನೀವೂ ಎತ್ತಿ.

ಮ್ಯಾಪ್ ನಂಬಬಹುದಾ?

ದಾರಿಗೆ ನಂಬಿ, ಸಮಯಕ್ಕೆ ನಂಬಬೇಡಿ. ಮೂರು ಗಂಟೆ ಎಂದರೆ ನಾಲ್ಕೂವರೆ ಇಟ್ಟುಕೊಳ್ಳಿ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ “ಇಲ್ಲೊಂದ್ಸಲ ನಿಲ್ಸೋ” ಎನ್ನುವ ಜಾಗ ಬರುತ್ತದೆ, ನಿಲ್ಲಿಸದೆ ಹೋಗುವುದೇ ತಪ್ಪು. ಊರಿನ ಹೆಸರಿನ ವಿಷಯದಲ್ಲಿ ಮಾತ್ರ ಕಣ್ಣಿಟ್ಟಿರಿ. ಪಾಮರ್‌ಸ್ಟನ್ ಎಂಬ ಊರು ಡನೀಡಿನ್‌ನ ಉತ್ತರಕ್ಕಿದೆ, ಪಾಮರ್‌ಸ್ಟನ್ ನಾರ್ತ್ ಎಂಬುದು ಸಮುದ್ರ ದಾಟಿ ಉತ್ತರ ದ್ವೀಪದಲ್ಲಿದೆ. ಹ್ಯಾವ್‌ಲಾಕ್ ದಕ್ಷಿಣದಲ್ಲಿ, ಹ್ಯಾವ್‌ಲಾಕ್ ನಾರ್ತ್ ಉತ್ತರ ದ್ವೀಪದಲ್ಲಿ. ರೂಮು ಬುಕ್ ಮಾಡುವ ಗೆಳೆಯ ಅವಸರದಲ್ಲಿ ಮೊದಲು ಕಂಡ ಹೆಸರು ಒತ್ತಿದರೆ ಸಂಜೆ ಕಾರು ಹಡಗು ಹತ್ತಬೇಕಾಗುತ್ತದೆ. ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಹಾಸ್ಟ್ ಸುತ್ತಮುತ್ತ ಮತ್ತು ಮಿಲ್‌ಫರ್ಡ್ ದಾರಿಯಲ್ಲಿ ಬಹುದೂರ ಸಿಗ್ನಲ್ ಸಿಗುವುದಿಲ್ಲ.

ಅಲ್ಲಿನವರ ಇಂಗ್ಲಿಷ್ ಅರ್ಥ ಆಗುತ್ತಾ?

ಆಗುತ್ತದೆ, ಕೆಲವು ಪದ ಬಿಟ್ಟು. “ಮೆಟಲ್ ರೋಡ್” ಎಂದರೆ ಜಲ್ಲಿಕಲ್ಲಿನ ಕಚ್ಚಾ ರಸ್ತೆ. ಮುಂದೆ ಮೆಟಲ್ ರೋಡಿದೆ ಎಂದರೆ ನಮ್ಮವರು ಒಳ್ಳೆಯ ರಸ್ತೆಯೆಂದು ಖುಷಿಪಟ್ಟು ನುಗ್ಗುತ್ತಾರೆ. “ಡೇರಿ” ಹಾಲಿನ ಕೇಂದ್ರವಲ್ಲ, ಮೂಲೆಯಂಗಡಿ. “ಚಿಲ್ಲಿ ಬಿನ್” ಮೆಣಸಿನಕಾಯಿ ಡಬ್ಬವಲ್ಲ, ತಂಪು ಪೆಟ್ಟಿಗೆ. “ಜ್ಯಾಂಡಲ್ಸ್” ಹವಾಯಿ ಚಪ್ಪಲಿ. “ಜಡರ್ ಬಾರ್” ನಮ್ಮ ಹಂಪು. “ಲಾಂಗ್ ಡ್ರಾಪ್” ಗುಂಡಿ ಪಾಯಿಖಾನೆ, ಚಾರಣದ ಹಾದಿಗಳಲ್ಲಿ ಸಿಗುತ್ತದೆ. “ಟ್ರ್ಯಾಂಪಿಂಗ್” ಎಂದರೆ ಚಾರಣ.

ಪೆಟ್ರೋಲ್ ಎಲ್ಲಿ ತುಂಬಿಸಬೇಕು?

ಅರ್ಧ ಟ್ಯಾಂಕಿಗೆ ಬಂದಾಗ, ಯಾವ ಊರಿದ್ದರೂ. ಕಾರು ನೂರು ಕಿಲೋಮೀಟರ್‌ಗೆ 7 ಲೀಟರ್ ಕುಡಿದರೆ 2,200 ಕಿ.ಮೀ.ಗೆ ಸುಮಾರು 155 ಲೀಟರ್. ತೆ ಆನಾವ್‌ನಲ್ಲಿ ಟ್ಯಾಂಕ್ ತುಂಬಿಸದೆ ಮಿಲ್‌ಫರ್ಡ್ ಕಡೆ ತಿರುಗಬೇಡಿ, ಹೋಗಿ ಬರಲು 240 ಕಿ.ಮೀ. ಪಶ್ಚಿಮದಲ್ಲಿ ವಾನಕ, ಹಾಸ್ಟ್, ಫಾಕ್ಸ್ ಮೂರೂ ಕಡೆ ತುಂಬಿಸಿ. ಸಣ್ಣ ಊರುಗಳಲ್ಲಿ ಬಂಕಿನಲ್ಲಿ ಆಳಿರುವುದಿಲ್ಲ, ಕಾರ್ಡು ಮತ್ತು ಪಿನ್ ಬೇಕು. ಬ್ಯಾಂಕಿನ ಆಪ್‌ನಲ್ಲಿ ವಿದೇಶಿ ಬಳಕೆಯನ್ನು ಬೆಂಗಳೂರಿನಲ್ಲೇ ತೆರೆದುಕೊಳ್ಳಿ. ಬಾಡಿಗೆ ಡೀಸೆಲ್ ಗಾಡಿಯಾದರೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆಯನ್ನು ಕೊನೆಯಲ್ಲಿ ಬಿಲ್ಲಿಗೆ ಸೇರಿಸುತ್ತಾರೆ. ಬಂಕಿನಲ್ಲಿ ಡೀಸೆಲ್ ಅಗ್ಗ ಕಂಡು ಮೋಸ ಹೋಗಬೇಡಿ.

## ಊಟ

ನಾನು ಸಸ್ಯಾಹಾರಿ, ಅವನು ಎಲ್ಲಾ ತಿಂತಾನೆ. ಇಬ್ಬರಿಗೂ ಹೊಂದುತ್ತಾ?

ಹೊಂದುತ್ತದೆ, ಆದರೆ ಹೊತ್ತು ನೋಡಿಕೊಳ್ಳಿ. ಸಣ್ಣ ಊರುಗಳಲ್ಲಿ ಅಡುಗೆಮನೆ ರಾತ್ರಿ ಎಂಟು, ಎಂಟೂವರೆಗೆ ಮುಚ್ಚುತ್ತದೆ. ಡಿಸೆಂಬರ್‌ನಲ್ಲಿ ಕ್ವೀನ್ಸ್‌ಟೌನ್ ಕಡೆ ಸೂರ್ಯ ಮುಳುಗುವುದೇ ಸುಮಾರು ಒಂಬತ್ತೂವರೆಗೆ. ಬೆಳಕಿದೆಯಲ್ಲ ಎಂದು ಫೋಟೊ ತೆಗೆಯುತ್ತಾ ಕೂತವರು ಚಿಪ್ಸ್ ಪೊಟ್ಟಣ ಹಂಚಿಕೊಂಡು ಮಲಗುತ್ತಾರೆ. ಹಸಿದ ಹೊಟ್ಟೆಯಲ್ಲಿ ಆಗುವಷ್ಟು ಜಗಳ ಬೇರೆ ಯಾವ ಕಾರಣಕ್ಕೂ ಆಗುವುದಿಲ್ಲ, ಆದ್ದರಿಂದ ಏಳು ಗಂಟೆಯ ಊಟವನ್ನು ಕಡ್ಡಾಯ ಮಾಡಿಕೊಳ್ಳಿ.

ಬೇಕರಿಗಳ ಪೈ ಅಲ್ಲಿನ ಬೀದಿ ತಿಂಡಿ, ತರಕಾರಿ ಪೈ ಕೇಳಿ. ಫಿಶ್ ಆ್ಯಂಡ್ ಚಿಪ್ಸ್ ಅಂಗಡಿಯಲ್ಲಿ ಬರೀ ಆಲೂ ಚಿಪ್ಸ್ ತಗೊಂಡರೂ ಸಸ್ಯಾಹಾರವೆಂದು ಭಾವಿಸಬೇಡಿ. ಅದೇ ಎಣ್ಣೆಯಲ್ಲಿ ಮೀನು ಕರಿದಿರುತ್ತಾರೆ, ಕೆಲವು ಕಡೆ ದನದ ಕೊಬ್ಬೇ ಕರಿಯುವ ಎಣ್ಣೆ. ಕೇಳಿದರೆ ನೇರವಾಗಿ ಹೇಳುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಸಿಹಿ ಇಲ್ಲದ ಮೊಸರು, ಮೈಕ್ರೋವೇವ್ ಅನ್ನದ ಪೊಟ್ಟಣ, ದಾಳಿಂಬೆ, ಸೌತೆಕಾಯಿ ಸಿಗುತ್ತವೆ. ಎರಡು ನಿಮಿಷಕ್ಕೆ ಮೊಸರನ್ನ ತಯಾರು. ಕ್ರೈಸ್ಟ್‌ಚರ್ಚ್‌ನ ಭಾರತೀಯ ದಿನಸಿ ಅಂಗಡಿಯಲ್ಲಿ ಉಪ್ಪಿನಕಾಯಿ, ಸಾಸಿವೆ ಕೊಂಡರೆ ತಪಾಸಣೆಯ ಚಿಂತೆಯೂ ಇಲ್ಲ. ಕ್ರಾಮ್‌ವೆಲ್ ಸುತ್ತಲಿನ ತೋಟದಂಗಡಿಗಳಲ್ಲಿ ಹಣ್ಣನ್ನು ಎದುರಿಗೇ ಅರೆದು ಮಾಡಿಕೊಡುವ ಐಸ್‌ಕ್ರೀಮ್ ಮಾತ್ರ ಬಿಡಬೇಡಿ. ಟಿಪ್ಸ್ ಕೊಡುವ ರೂಢಿ ಇಲ್ಲ, ನಲ್ಲಿ ನೀರು ಕುಡಿಯಬಹುದು.

ಮೋಟೆಲ್ ರೂಮಲ್ಲಿ ಒಗ್ಗರಣೆ ಹಾಕಿದರೆ ಅಲಾರಂ ಹೊಡ್ಕೊಳ್ಳುತ್ತಂತೆ?

ಹೊಡೆದುಕೊಳ್ಳುತ್ತದೆ, ಇಡೀ ಮೋಟೆಲ್ ಪಾರ್ಕಿಂಗ್‌ಗೆ ಬಂದು ನಿಲ್ಲುವಂತೆ. ಅಲ್ಲಿನ ಮೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಪುಟ್ಟ ಅಡುಗೆಮನೆ ಇರುತ್ತದೆ, ಚೆಕ್ ಇನ್ ಮಾಡಿದಾಗ ಕೈಗೆ ಕೀ ಜೊತೆ ಹಾಲಿನ ಪುಟ್ಟ ಡಬ್ಬಿಯನ್ನೂ ಕೊಡುತ್ತಾರೆ. ಆದರೆ ಹೊಗೆ ಪತ್ತೆಯ ಯಂತ್ರ ಒಲೆಯಿಂದ ನಾಲ್ಕೇ ಹೆಜ್ಜೆ ದೂರ. ಒಣಮೆಣಸಿನಕಾಯಿಯ ಘಾಟಿಗೆ ಅದಕ್ಕೆ ತಾಳ್ಮೆ ಇಲ್ಲ. ಹೀಗೆ ಮಾಡಿ: ಮೊದಲು ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ, ಸ್ನಾನದ ಮನೆಯ ಬಾಗಿಲು ಮುಚ್ಚಿ, ಏಕೆಂದರೆ ಬಿಸಿನೀರಿನ ಹಬೆಯೂ ಅಲಾರಂ ಎಬ್ಬಿಸಬಲ್ಲದು. ತಣ್ಣಗಿನ ಎಣ್ಣೆಗೇ ಸಾಸಿವೆ ಹಾಕಿ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ. ಸಿಡಿದು ನಿಂತಮೇಲೆ ಒಲೆ ಆರಿಸಿ, ಆ ಬಿಸಿಗೇ ಮೆಣಸಿನಕಾಯಿ, ಇಂಗು ಹಾಕಿ. ಯಂತ್ರಕ್ಕೆ ಬಟ್ಟೆ ಸುತ್ತುವುದು ಮಾತ್ರ ಬೇಡವೇ ಬೇಡ. ಅದು ನಿಮ್ಮ ಜೀವ ಕಾಯುವ ವಸ್ತು. ಸುಳ್ಳು ಕರೆಗೆ ಅಗ್ನಿಶಾಮಕ ದಳ ಬಂದರೆ ಅದರ ಖರ್ಚನ್ನು ಮೋಟೆಲ್‌ನವರು ನಿಮ್ಮ ಮೇಲೆ ಹಾಕಬಹುದು.

## ಇಬ್ಬರ ನಡುವೆ

ಅವನು ಸ್ಟೀರಿಂಗ್ ಬಿಟ್ಟುಕೊಡೋದೇ ಇಲ್ಲ. ಏನು ಮಾಡೋದು?

ಎರಡು ಗಂಟೆಗೊಮ್ಮೆ ಬದಲು, ಗಡಿಯಾರ ನೋಡಿ. ದಣಿವಾಗಿದೆಯಾ ಎಂದು ಕೇಳಿ ಬದಲಿಸುವ ಪದ್ಧತಿ ನಡೆಯುವುದಿಲ್ಲ, ಓಡಿಸುವವನು ಯಾವತ್ತೂ ಇಲ್ಲ ಎನ್ನುತ್ತಾನೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲೇಬೇಕು. ಹೆಸರಿಲ್ಲದವನು ಓಡಿಸುವಾಗ ಪೆಟ್ಟಾದರೆ ವಿಮೆ ಒಂದು ಡಾಲರನ್ನೂ ಕೊಡುವುದಿಲ್ಲ. 25 ವರ್ಷಕ್ಕಿಂತ ಕಿರಿಯರಿಗೆ ಹೆಚ್ಚುವರಿ ಶುಲ್ಕ ಇರಬಹುದು.

ಇಳಿದ ದಿನ ಯಾರೂ ದೂರ ಓಡಿಸಬೇಡಿ. ಅಲ್ಲಿನ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ ಹತ್ತಾದಾಗ ನಿಮ್ಮ ದೇಹಕ್ಕೆ ನಡುರಾತ್ರಿ ಎರಡೂವರೆ. ಆ ರಾತ್ರಿ ಕ್ರೈಸ್ಟ್‌ಚರ್ಚ್‌ನಲ್ಲೇ ಮಲಗಿ. ಮೊದಲ ಎರಡು ದಿನ ಪಕ್ಕದ ಸೀಟಿನವನು ನಿದ್ದೆ ಮಾಡುವಂತಿಲ್ಲ. ಅವನಿಗೆ ಕೆಲಸವಿದೆ: ದಾರಿ, ಫಲಕ, ಹಾಡು, ಕಿತ್ತಳೆ ಸುಲಿದು ಕೊಡುವುದು, ಓಡಿಸುವವನ ಫೋನು ಮುಟ್ಟದಂತೆ ಕಾಯುವುದು. ಓಡಿಸುತ್ತಾ ಫೋನ್ ಹಿಡಿದರೆ 150 ಡಾಲರ್ ದಂಡ.

ಖರ್ಚು ಹಂಚಿಕೊಳ್ಳೋದು ಹೇಗೆ? ಮುಖ ಕೆಡಿಸ್ಕೊಳ್ಳೋ ಹಾಗಾಗಬಾರದು.

ಕಾರು, ಪೆಟ್ರೋಲ್, ರೂಮು, ದಿನಸಿ ಸಮಪಾಲು. ಬಾರ್, ಬಂಜಿ (ಹಗ್ಗ ಕಟ್ಟಿಕೊಂಡು ಎತ್ತರದಿಂದ ಜಿಗಿಯುವುದು), ಹೆಲಿಕಾಪ್ಟರ್ ಯಾರು ಮಾಡಿದರೋ ಅವರದು. ವೇಗದ ದಂಡ ಓಡಿಸಿದವನದು, ಪಕ್ಕದವನು ಎಷ್ಟೇ ಅವಸರ ಮಾಡಿದ್ದರೂ. ಈ ಮೂರು ಸಾಲನ್ನು ಟಿಕೆಟ್ ಬುಕ್ ಮಾಡುವ ದಿನವೇ ವಾಟ್ಸಾಪ್‌ನಲ್ಲಿ ಬರೆದು ಇಬ್ಬರೂ ಒಪ್ಪಿ. ದಿನದ ಕೊನೆಗೆ ಹಲ್ಲುಜ್ಜುವ ಮೊದಲು ಲೆಕ್ಕ ಬರೆದುಬಿಡಿ. ಹನ್ನೆರಡು ದಿನದ ರಸೀದಿಯನ್ನು ವಾಪಸ್ ವಿಮಾನದಲ್ಲಿ ಬಿಡಿಸಲು ಕೂತರೆ ಆರು ಡಾಲರ್ ಕಾಫಿ ಯಾರದೆಂದು ಸಿಂಗಾಪುರದವರೆಗೂ ಚರ್ಚೆ ನಡೆಯುತ್ತದೆ.

ಅವನ ಗೊರಕೆ ಭಯಂಕರ.

ಎರಡು ಕೋಣೆಯ ಮೋಟೆಲ್ ಯೂನಿಟ್ ಕೇಳಿ, ಎರಡು ರೂಮಿಗಿಂತ ಅಗ್ಗ. ಮೇಣದ ಕಿವಿಬಿರಡೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಿದ್ದೆಗೆಟ್ಟವನು ಮರುದಿನ ಮೊದಲ ಪಾಳಿ ಓಡಿಸಬಾರದು.

ಬಂಜಿಗೆ ಅವನನ್ನ ಹೇಗಾದರೂ ಒಪ್ಪಿಸಬೇಕು, ಉಪಾಯ ಹೇಳಿ.

ಕ್ವೀನ್ಸ್‌ಟೌನ್ ಬಳಿಯ ಕವರಾವ್ ಸೇತುವೆ 43 ಮೀಟರ್. 1988ರಲ್ಲಿ ಜಗತ್ತಿನ ಮೊದಲ ಕಾಯಂ ವಾಣಿಜ್ಯ ಬಂಜಿ ಶುರುವಾದದ್ದು ಅಲ್ಲಿಯೇ. ಮೊದಲು ಇಬ್ಬರೂ ನೋಡುವ ಕಟ್ಟೆಗೆ ಹೋಗಿ ಅರ್ಧ ಗಂಟೆ ಬೇರೆಯವರು ಜಿಗಿಯುವುದನ್ನು ನೋಡಿ, ನೋಡಲು ದುಡ್ಡಿಲ್ಲ. ಅವನಾಗಿ ಬರುತ್ತೇನೆಂದರೆ ಮಾತ್ರ ಟಿಕೆಟ್ ಕೊಳ್ಳಿ. ತೂಕ ನೋಡಿ ಕೈಮೇಲೆ ಬರೆಯುತ್ತಾರೆ, ಅದರ ಪ್ರಕಾರ ಹಗ್ಗ ಹೊಂದಿಸುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕಟ್ಟಿ ಜಿಗಿಸುವ ವ್ಯವಸ್ಥೆಯೂ ಅಲ್ಲಿದೆ. ತುದಿಗೆ ಹೋಗಿ ಹಿಂದೆ ಸರಿದರೆ ಸಾಮಾನ್ಯವಾಗಿ ಹಣ ವಾಪಸಿಲ್ಲ. ಬೆನ್ನುನೋವು, ರಕ್ತದೊತ್ತಡ, ಕಣ್ಣಿನ ತೊಂದರೆ ಇದ್ದವನನ್ನು ಒತ್ತಾಯಿಸಬೇಡಿ.

## ಹಕ್ಕಿ, ಕುರಿ, ನೊಣ

ರಸ್ತೆ ತುಂಬಾ ಕುರಿ ಬಂದರೆ ಏನು ಮಾಡಬೇಕು?

ನಿಲ್ಲಿಸಿ. ಹಾರ್ನ್ ಬೇಡ, ಹೆಡ್‌ಲೈಟ್ ಮಿನುಗಿಸುವುದೂ ಬೇಡ. ಎದುರಿನಿಂದ ಬರುವ ಹಿಂಡು ಕಾರಿನ ಎರಡೂ ಬದಿಗೆ ನೀರಿನಂತೆ ಹರಿದುಹೋಗುತ್ತದೆ. ನೀವು ಹಿಂಡಿನ ಹಿಂದೆ ಸಿಕ್ಕಿಕೊಂಡರೆ ಕುರಿ ಕಾಯುವವನು ಕೈಸನ್ನೆ ಮಾಡುವವರೆಗೆ ಕಾದು, ಮೊದಲ ಗೇರಿನಲ್ಲಿ ನಡಿಗೆಯ ವೇಗದಲ್ಲಿ ನುಸುಳಿ. ನಾಯಿಗಳು ಗಾಡಿಯ ಅಡಿಗೂ ನುಗ್ಗುತ್ತವೆ, ಅವು ಎಲ್ಲಿವೆ ಎಂದು ಪಕ್ಕದವನು ಇಣುಕಿ ಹೇಳುತ್ತಿರಲಿ. ವಿಡಿಯೊ ಮಾಡಲು ಕಾರಿನಿಂದ ಇಳಿದರೆ ಹಿಂಡು ಬೆದರಿ ಬೇಲಿ ಹಾರುತ್ತದೆ, ಅರ್ಧ ದಿನದ ಕೆಲಸ ಹಾಳು.

ಗಿಳಿ ಬಂದು ಕಾರು ತಿನ್ನುತ್ತೆ ಅನ್ನೋದು ತಮಾಷೆನಾ?

ನಿಜ. ಅದರ ಹೆಸರು ಕೀಯಾ. ಹಸಿರು ಮೈ, ರೆಕ್ಕೆಯಡಿ ಕಿತ್ತಳೆ, ಕೊಕ್ಕು ಉದ್ದವಾಗಿ ಕೆಳಗೆ ಬಾಗಿದ್ದು ಸ್ಕ್ರೂಡ್ರೈವರ್‌ನಷ್ಟೇ ಉಪಯೋಗಿ. ಬೆಟ್ಟದಲ್ಲಿ ವಾಸಿಸುವ ಗಿಳಿ ಇದು, ದಕ್ಷಿಣ ದ್ವೀಪ ಬಿಟ್ಟರೆ ಎಲ್ಲೂ ಇಲ್ಲ. ಆರ್ಥರ್ಸ್ ಪಾಸ್‌ನ ಪಾರ್ಕಿಂಗ್‌ನಲ್ಲಿ ಮತ್ತು ಮಿಲ್‌ಫರ್ಡ್ ರಸ್ತೆಯ ಹೋಮರ್ ಸುರಂಗದ ಮುಂದೆ ಕಾದು ಕೂತಿರುತ್ತದೆ. ಕಾರಿನ ಚಾವಣಿಗೆ ಟಪ್ಪೆಂದು ಇಳಿದು, ಮುಂಗಾಜಿನ ಮೇಲೆ ಜಾರಿ, ವೈಪರ್‌ನ ರಬ್ಬರ್ ಎಳೆಯುತ್ತದೆ. ಬಾಗಿಲ ಅಂಚಿನ ರಬ್ಬರ್ ಪಟ್ಟಿ, ಏರಿಯಲ್, ಸೈಕಲ್ ಸೀಟು ಯಾವುದೂ ವರ್ಜ್ಯವಲ್ಲ. ರಸ್ತೆ ಕೆಲಸದವರು ಇಟ್ಟ ಕಿತ್ತಳೆ ಕೋನ್‌ಗಳನ್ನು ಸುರಂಗದ ಬಳಿ ಇವು ತಳ್ಳಿ ಸರಿಸುತ್ತಿದ್ದವೆಂದು ಕ್ಯಾಮೆರಾದಲ್ಲೇ ಸಿಕ್ಕಿತು. ಅವುಗಳ ಗಮನ ಸೆಳೆಯಲೆಂದು ರಸ್ತೆ ಪಕ್ಕ ಆಟದ ಸಾಮಾನುಗಳನ್ನೇ ಇಡಬೇಕಾಯಿತು.

2009ರಲ್ಲಿ ಮಿಲ್‌ಫರ್ಡ್ ದಾರಿಯಲ್ಲಿ ಒಂದು ಕೀಯಾ ಬಸ್ಸಿನ ಸಾಮಾನು ಗೂಡಿನಿಂದ ಸ್ಕಾಟ್ಲೆಂಡಿನ ಪ್ರವಾಸಿಯೊಬ್ಬನ ಪಾಸ್‌ಪೋರ್ಟ್ ಎತ್ತಿಕೊಂಡು ಪೊದೆಗೆ ಹಾರಿತು. 2013ರಲ್ಲಿ ಆರ್ಥರ್ಸ್ ಪಾಸ್‌ನಲ್ಲಿ ಇನ್ನೊಬ್ಬನ ಸಾವಿರಕ್ಕೂ ಹೆಚ್ಚು ಡಾಲರ್ ನಗದು ಹೋಯಿತು. ನಿಮ್ಮ ಪಾಸ್‌ಪೋರ್ಟ್ ಹೋದರೆ ಭಾರತದ ಹೈಕಮಿಷನ್ ಇರುವುದು ಉತ್ತರ ದ್ವೀಪದ ವೆಲಿಂಗ್ಟನ್‌ನಲ್ಲಿ. ಆದ್ದರಿಂದ ಕಿಟಕಿ ಪೂರ್ತಿ ಮುಚ್ಚಿ, ಡಿಕ್ಕಿ ತೆರೆದಿಟ್ಟು ದೂರ ಹೋಗಬೇಡಿ, ಕಾರು ಬಿಟ್ಟು ಚಾರಣಕ್ಕೆ ಹೋಗುವಾಗ ಇಬ್ಬರ ಪಾಸ್‌ಪೋರ್ಟೂ ಒಳಜೇಬಿನಲ್ಲಿರಲಿ.

ಎಷ್ಟೇ ಮುದ್ದು ಬಂದರೂ ತಿನ್ನಲು ಕೊಡಬೇಡಿ. ಉಳಿದಿರುವುದು ಕೆಲವೇ ಸಾವಿರ. ತಿಂಡಿಯ ಆಸೆಗೆ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ. ಹೊರಡುವ ಮೊದಲು ಒಬ್ಬರು ಇಳಿದು ಚಕ್ರದ ಅಡಿ ನೋಡಲೇಬೇಕು.

ಸ್ಯಾಂಡ್‌ಫ್ಲೈ ಸೊಳ್ಳೆಗಿಂತ ಕೆಟ್ಟದಾ?

ಸ್ಯಾಂಡ್‌ಫ್ಲೈ ಎಂದರೆ ಕಚ್ಚುವ ಪುಟ್ಟ ನೊಣ. ತುರಿಕೆಯಲ್ಲಿ ಹೌದು. ಮಲೆನಾಡಿನ ಇಂಬಳ ರಕ್ತ ಕುಡಿದು ಸುಮ್ಮನೆ ಬಿಡುತ್ತದೆ, ಇದು ಕಚ್ಚಿದ ಜಾಗ ವಾರವಿಡೀ ನೆನಪಿಸುತ್ತದೆ. ಅಲ್ಲಿನ ಮೂಲನಿವಾಸಿ ಮಾವೊರಿಗಳ ಕತೆಯ ಪ್ರಕಾರ, ಮಿಲ್‌ಫರ್ಡ್‌ನ ಸೊಬಗಿಗೆ ಮರುಳಾಗಿ ಮನುಷ್ಯರು ಅಲ್ಲೇ ತಳವೂರದಿರಲೆಂದು ದೇವಿ ಹಿನೆ ನುಇ ತೆ ಪೊ ಈ ನೊಣಗಳನ್ನು ಬಿಟ್ಟಳಂತೆ. ಹಗಲು, ನೀರಿನ ಹತ್ತಿರ, ಗಾಳಿ ಇಲ್ಲದಾಗ ಹೆಚ್ಚು. ನಡೆಯುತ್ತಿದ್ದರೆ ಹಿಂದೆಯೇ ಉಳಿಯುತ್ತವೆ, ನಿಂತರೆ ಮುತ್ತುತ್ತವೆ. ತಿಳಿಬಣ್ಣದ ಉದ್ದ ಪ್ಯಾಂಟು, ಕಾಲುಚೀಲ ಹಾಕಿ. ಡೀಟ್ ಅಥವಾ ಪಿಕಾರಿಡಿನ್ ಇರುವ, ಕೀಟ ಓಡಿಸುವ ಮುಲಾಮನ್ನು ಹಿಮ್ಮಡಿ, ಕುತ್ತಿಗೆಯ ಹಿಂಭಾಗಕ್ಕೂ ಹಚ್ಚಿ. ಕಾರಿನ ನಾಲ್ಕೂ ಬಾಗಿಲು ತೆರೆದು ಫೋಟೊಗೆ ಇಳಿದರೆ ಮುಂದಿನ ನೂರು ಕಿಲೋಮೀಟರ್ ಅವೂ ಸಹಪ್ರಯಾಣಿಕರು.

## ಸ್ವಲ್ಪ ಪಳಗಿದ ಮೇಲೆ

ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಮಿಲ್‌ಫರ್ಡ್ ಹೋಗಿ ಬರಬಹುದಾ?

ಒಂದು ದಿಕ್ಕಿಗೇ ಸುಮಾರು 290 ಕಿ.ಮೀ., ನಾಲ್ಕು ಗಂಟೆ. ಬಸ್ಸಿನಲ್ಲಾದರೆ ಸರಿ, ಸ್ವಂತ ಓಡಿಸಿಕೊಂಡು ಬೇಡ. ತೆ ಆನಾವ್‌ನಲ್ಲಿ ಎರಡು ರಾತ್ರಿ ಉಳಿಯಿರಿ, ಬೆಳಿಗ್ಗೆ ಬೇಗ ಹೊರಡಿ. ಹೋಮರ್ ಸುರಂಗ 1954ರಲ್ಲಿ ತೆರೆದದ್ದು, ಸುಮಾರು 1.2 ಕಿ.ಮೀ., ಹತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು, ಗೋಡೆ ಬರಿಯ ಬಂಡೆ. ಬೇಸಿಗೆಯ ಹಗಲಲ್ಲಿ ಸಿಗ್ನಲ್ ಇಟ್ಟು ಒಂದೊಂದೇ ದಿಕ್ಕಿಗೆ ಬಿಡುತ್ತಾರೆ. ಮಿಲ್‌ಫರ್ಡ್‌ನ ದೋಣಿ ವಿಹಾರದ ಸಮಯಕ್ಕಿಂತ ಮೂರು ಗಂಟೆ ಮೊದಲು ತೆ ಆನಾವ್ ಬಿಡಿ. ಮಳೆ ಬಂದರೆ ಟಿಕೆಟ್ ರದ್ದು ಮಾಡಬೇಡಿ: ಅಲ್ಲಿ ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ, ನಮ್ಮ ಆಗುಂಬೆಯ ಸಾಲಿನದು. ಸುರಿಯುವಾಗಲೇ ಬಂಡೆಗಳ ಮೈತುಂಬ ಜಲಪಾತ ಹುಟ್ಟುತ್ತವೆ.

ಕಾರು, ಮೋಟೆಲ್ ಬದಲು ಕ್ಯಾಂಪರ್‌ವ್ಯಾನ್ ತಗೊಂಡರೆ?

ಚೆನ್ನ, ಇಬ್ಬರ ನಡುವೆ ಮುಚ್ಚುಮರೆ ಇಲ್ಲದಿದ್ದರೆ. ಕಂಡಲ್ಲಿ ನಿಲ್ಲಿಸಿ ಮಲಗಬಹುದೆಂಬುದು ತಪ್ಪು ಕಲ್ಪನೆ. ಅನುಮತಿಯಿಲ್ಲದ ಜಾಗದಲ್ಲಿ ಉಳಿದರೆ ದಂಡ 400 ಡಾಲರ್‌ನಿಂದ ಶುರು. ಉಚಿತ ತಾಣಗಳಲ್ಲಿ ಹೆಚ್ಚಿನವಕ್ಕೆ, ಕದಲದಂತೆ ಕೂರಿಸಿದ ಶೌಚಾಲಯವಿರುವ, ಹಸಿರು ವಾರಂಟ್ (ಪ್ರಮಾಣಪತ್ರದ ಚೀಟಿ) ಅಂಟಿಸಿದ ವ್ಯಾನೇ ಬೇಕು. ಆ ಶೌಚದ ಪೆಟ್ಟಿಗೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಖಾಲಿ ಮಾಡುವುದು ಗೊತ್ತುಪಡಿಸಿದ ಡಂಪ್ ಸ್ಟೇಷನ್‌ನಲ್ಲಿ ಮಾತ್ರ: ಕೈಗವಸು ಹಾಕಿ, ಮೂತಿ ತಿರುಗಿಸಿ, ಗಾಳಿಯ ಗುಂಡಿ ಒತ್ತಿ ಹಿಡಿದು ನಿಧಾನ ಸುರಿಯಿರಿ. ಗುಂಡಿ ಒತ್ತದೆ ಸುರಿದರೆ ಗುಳುಗುಳು ಎಂದು ಬೂಟಿಗೆ ಸಿಡಿಯುತ್ತದೆ. ಎರಡು ಸಲ ತೊಳೆದು ಔಷಧಿ ಮತ್ತು ಸ್ವಲ್ಪ ನೀರು ಹಾಕಿ ಮುಚ್ಚಿ. ಸರದಿಯನ್ನು ಮೊದಲ ದಿನವೇ ನಾಣ್ಯ ಹಾರಿಸಿ ತೀರ್ಮಾನಿಸಿ, ಆಮೇಲೆ ಮಾತಿಲ್ಲ.

ಬಾಡಿಗೆ ವಿಮೆಯಲ್ಲಿ ಏನೇನು ಸೇರಿರೋದಿಲ್ಲ?

ಚಕ್ರ, ಮುಂಗಾಜು, ಗಾಡಿಯ ಅಡಿಭಾಗ, ತಪ್ಪು ಇಂಧನ ಅನೇಕ ಕರಾರುಗಳಲ್ಲಿ ಹೊರಗೆ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ಕಣಿವೆ ರಸ್ತೆಗೆ ಬಾಡಿಗೆ ಕಾರಿನ ವಿಮೆಯೇ ಅನ್ವಯಿಸುವುದಿಲ್ಲ. ಪೆಟ್ಟಾದರೆ ಮೊದಲ ಕೆಲವು ಸಾವಿರ ಡಾಲರ್ ನಿಮ್ಮದೇ, ಅದನ್ನು ಇಳಿಸಿಕೊಳ್ಳಲು ದಿನಕ್ಕೆ ಹೆಚ್ಚು ಕಟ್ಟಬಹುದು. ಠೇವಣಿ ಮುಖ್ಯ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡಿನಿಂದಲೇ ಹಿಡಿಯುತ್ತಾರೆ. ಕೀ ತಗೊಂಡಕೂಡಲೇ ಕಾರಿನ ಸುತ್ತ ಒಂದು ವಿಡಿಯೊ ತೆಗೆಯಿರಿ, ರಿಮ್ ಮತ್ತು ಚಾವಣಿ ಸೇರಿ. ಅಪಘಾತದಲ್ಲಿ ಮೈಗೆ ಪೆಟ್ಟಾದರೆ ಅಲ್ಲಿನ ಸರ್ಕಾರಿ ಅಪಘಾತ ಯೋಜನೆ ಪ್ರವಾಸಿಗರಿಗೂ ನೆರವಾಗುತ್ತದೆ, ಆದರೆ ಜ್ವರ, ಹೊಟ್ಟೆನೋವು, ಊರಿಗೆ ಸಾಗಿಸುವ ಖರ್ಚು ಅದರಲ್ಲಿಲ್ಲ. ಪ್ರವಾಸ ವಿಮೆ ಬೇರೆ ಮಾಡಿಸಿ. ತುರ್ತಿಗೆ 111.

ಡನೀಡಿನ್‌ನ ಬಾಲ್ಡ್ವಿನ್ ಬೀದಿಗೆ ಕಾರು ಹತ್ತಿಸೋಣ ಅಂತ ಪಂಥ ಕಟ್ಟಿದೀವಿ.

ನಡೆದು ಹತ್ತಿ. ಜಗತ್ತಿನ ಅತಿ ಕಡಿದಾದ ಬೀದಿ ಎಂಬ ದಾಖಲೆ 2019ರಲ್ಲಿ ವೇಲ್ಸ್‌ಗೆ ಹೋಗಿ 2020ರಲ್ಲಿ ವಾಪಸ್ ಬಂತು. ಇಳಿಜಾರು 34.8 ಶೇಕಡ. ಡಾಂಬರು ಕೆಳಗೆ ಹರಿದುಬರುತ್ತದೆಂದು ಮೇಲ್ಭಾಗಕ್ಕೆ ಕಾಂಕ್ರೀಟ್ ಹಾಕಿದ್ದಾರೆ. ಅಲ್ಲಿ ಜನ ವಾಸವಿದ್ದಾರೆ, ತುದಿಯಲ್ಲಿ ಗಾಡಿ ತಿರುಗಿಸಲು ಜಾಗ ಸಾಲದು. ಪಂಥವನ್ನು ಯಾರು ನಿಲ್ಲದೆ ನಡೆದು ಮೇಲೆ ಮುಟ್ಟುತ್ತಾರೆ ಎಂದು ಬದಲಿಸಿಕೊಳ್ಳಿ.

ಚಳಿಗಾಲದಲ್ಲೇ ಹೋಗಬೇಕು. ಚಕ್ರಕ್ಕೆ ಚೈನ್ ಹಾಕೋದು ಹೇಗೆ?

ಮೇ ತಿಂಗಳಿಂದ ನವೆಂಬರ್‌ವರೆಗೆ ಮಿಲ್‌ಫರ್ಡ್ ರಸ್ತೆಯಲ್ಲಿ ಫಲಕ ಹೇಳಿದರೆ ಚೈನ್ ಗಾಡಿಯಲ್ಲಿರಲೇಬೇಕು. ಬಾಡಿಗೆಯವರಿಂದ ಚೈನ್ ಪಡೆದಾಗ ಅಂಗಳದಲ್ಲೇ ಒಮ್ಮೆ ಹಾಕಿ ತೆಗೆದು ನೋಡಿ. ಹಿಮ ಸುರಿಯುವಾಗ ಬೆರಳು ಮರಗಟ್ಟಿದ ಮೇಲೆ ಕೈಪಿಡಿ ಓದಿ ಕಲಿಯಲಾಗುವುದಿಲ್ಲ. ಸಣ್ಣ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಸಾಮಾನ್ಯವಾಗಿ ಮುಂದಿನ ಚಕ್ರಗಳನ್ನು, ಚೈನ್ ಅವಕ್ಕೇ. ರಸ್ತೆಯಿಂದ ಪೂರ್ತಿ ಹೊರಗೆ, ಸಮತಟ್ಟಾದ ಕಡೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಚೈನನ್ನು ನೆಲದ ಮೇಲೆ ಹರಡಿ ಗಂಟು ಬಿಡಿಸಿ, ಚಕ್ರದ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಂಡಿ, ಆಮೇಲೆ ಹೊರಬದಿಯದು ಸಿಕ್ಕಿಸಿ ಬಿಗಿ ಮಾಡಿ. ಒಬ್ಬ ಹಾಕುವಾಗ ಇನ್ನೊಬ್ಬ ಟಾರ್ಚ್ ಹಿಡಿದು ಬರುವ ಗಾಡಿಗಳ ಕಡೆ ನೋಡುತ್ತಿರಲಿ. ನೂರು ಮೀಟರ್ ಹೋಗಿ ನಿಂತು ಮತ್ತೆ ಬಿಗಿ ಮಾಡಿ. 40 ಕಿ.ಮೀ. ದಾಟಬೇಡಿ. ಡಾಂಬರು ಕಂಡಕೂಡಲೇ ಬಿಚ್ಚಿ, ಇಲ್ಲದಿದ್ದರೆ ಕೊಂಡಿ ತುಂಡಾಗಿ ಚಕ್ರದ ಗೂಡನ್ನು ಹೊಡೆಯುತ್ತದೆ.

ಬಿಸಿಲು ತಾಗದ ತಿರುವು ಮತ್ತು ಸೇತುವೆಯ ಮೇಲೆ ಬೆಳಿಗ್ಗೆ ಹತ್ತರವರೆಗೂ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಉಳಿದಿರುತ್ತದೆ. ಅಲ್ಲಿ ಬ್ರೇಕ್ ಒತ್ತದೆ, ಸ್ಟೀರಿಂಗ್ ಎಳೆಯದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಹರಿಯಬಿಡಿ. ಮುಂಗಾಜಿನ ಮೇಲೆ ಗಟ್ಟಿಕಟ್ಟಿದ ಹಿಮಕ್ಕೆ ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ.